ದಿಲ್ಲಿಯ ಗುಡ್ಡದ ಮೇಲೆ ಬಳ್ಳಾರಿ ಜಾಲಿ

2003ರ ಚಳಿಗಾಲ. ಮುಖರ್ಜಿ ನಗರದ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು ಮಸ್ಕಿ ಕಡೆಯವನು, ಇನ್ನೊಬ್ಬ ದಾವಣಗೆರೆಯವನು, ಮತ್ತೊಬ್ಬ ಮಂಡ್ಯದವನು. ಮೂವರೂ ಐಎಎಸ್ ಕನಸು ಕಟ್ಟಿಕೊಂಡು ಬಂದವರು. ಅದು ಹೆಚ್ಚಾಗಿ ಹಿಂದಿ ಮಾಧ್ಯಮದ ಹುಡುಗರ ಅಡ್ಡಾ. ಬಾಡಿಗೆ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ನಾವೂ ಅಲ್ಲಿ ಸೇರಿಕೊಂಡಿದ್ದೆವು. ಭಾನುವಾರ ಮಧ್ಯಾಹ್ನ ಓದಿ ಓದಿ ತಲೆ ಕೆಟ್ಟಾಗ ಮಾಲ್ ರೋಡ್ ದಾಟಿ, ಯೂನಿವರ್ಸಿಟಿಯ ಗೋಡೆ ಹಿಡಿದು ನಡೆದು, ರಿಡ್ಜ್ ಅಂತ ಎಲ್ಲರೂ ಕರೆಯುವ ಆ ಕಲ್ಲುಗುಡ್ಡಕ್ಕೆ ಹೋಗುತ್ತಿದ್ದೆವು.

ಮೊದಲ ಸಲ ಹೋದಾಗ ಮಂಡ್ಯದವನು ನಿಂತಲ್ಲೇ ನಿಂತು, "ಲೋ ಗುರು, ಇದು ನಿಮ್ಮ ಕಡೆ ಗಿಡ ಅಲ್ವೇನೋ?" ಅಂದ. ತಿರುಗಿ ನೋಡಿದೆ. ಹೌದು. ಬಾಗಿದ ಕೊಂಬೆ, ಸಣ್ಣೆಲೆ, ಬುಡದಲ್ಲಿ ಒಣಗಿ ಬಿದ್ದ ಹಳದಿ ಕಾಯಿ, ಮುಳ್ಳು. ಬಳ್ಳಾರಿ ಜಾಲಿ! ಒಂದಲ್ಲ, ಎರಡಲ್ಲ, ಕಣ್ಣು ಹಾಯಿಸಿದಷ್ಟು ದೂರ ಅದೇ. ಬಂದು ನಾಲ್ಕು ತಿಂಗಳಾಗಿತ್ತು. ಈ ಊರಿನಲ್ಲಿ ಒಂದು ಮರದ ಹೆಸರೂ ನನಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದ ಮೊದಲ ಮರ ಸಿಕ್ಕಿದ್ದು ಅಲ್ಲಿ. ಪಕ್ಕದಲ್ಲಿ ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರನ್ನು ಇದರ ಹೆಸರೇನು ಅಂತ ಕೇಳಿದೆ. "ವಿಲಾಯತಿ ಕೀಕರ್," ಅಂದರು. ಪರದೇಶದ ಜಾಲಿ ಅಂತ ಅರ್ಥ. ನಮ್ಮೂರಿನ ಗಿಡಕ್ಕೆ ಇಲ್ಲಿ ಪರದೇಶಿ ಅನ್ನುತ್ತಾರಲ್ಲ ಅಂತ ಆವತ್ತು ನನಗೆ ಸಣ್ಣ ಸಿಟ್ಟೇ ಬಂದಿತ್ತು.

ಆಮೇಲೆ ಪರೀಕ್ಷೆ ಆಗಲಿಲ್ಲ, ಊರಿಗೆ ಹೋಗಲಿಲ್ಲ, ಅನುವಾದದ ಕೆಲಸ ಹಿಡಿದು ಇಲ್ಲೇ ಉಳಿದೆ. ಇಪ್ಪತ್ತು ವರ್ಷಕ್ಕೂ ಮೀರಿ ಆ ಗುಡ್ಡಕ್ಕೆ ಹೋಗಿ ಬರುತ್ತಿದ್ದೇನೆ. ನನ್ನ ಕಣ್ಣೆದುರಿಗೇ ಅದು ಪಾರ್ಕ್ ಆಗಿದ್ದದ್ದು ಜೀವವೈವಿಧ್ಯ ಉದ್ಯಾನವಾಗಿ ಬದಲಾಯಿತು. ಪುಸ್ತಕವನ್ನು, ನಾಟಕವನ್ನು ವಿಮರ್ಶೆ ಮಾಡುತ್ತೇವೆ. ಕಾಡನ್ನು ಯಾಕೆ ಮಾಡಬಾರದು? ಅದೂ ಈ ಕಾಡು, ಪ್ರತಿಯೊಂದು ಮರವನ್ನೂ ಯಾರೋ ಒಬ್ಬರು ಯೋಚನೆ ಮಾಡಿ ನೆಟ್ಟಿರುವ ಕಾಡು. ಅಂದಮೇಲೆ ಅದಕ್ಕೆ ಕರ್ತೃ ಇದ್ದಾರೆ, ಉದ್ದೇಶ ಇದೆ, ಬಿಟ್ಟುಬಿಟ್ಟದ್ದೂ ಇದೆ.

ನೋಡದವರಿಗೆ ಜಾಗದ ಪರಿಚಯ ಹೇಳಿಬಿಡುತ್ತೇನೆ. ಗುಜರಾತಿನಿಂದ ಹೊರಟ ಅರಾವಳಿ ಬೆಟ್ಟಸಾಲು ದಿಲ್ಲಿಯ ಉತ್ತರದಲ್ಲಿ, ಯಮುನೆಯ ದಂಡೆಯ ಹತ್ತಿರ, ಸುಸ್ತಾಗಿ ಮುಗಿಯುತ್ತದೆ. ಆ ಕೊನೆಯ ತುದಿಯೇ ಉತ್ತರ ರಿಡ್ಜ್. ಕಾಗದದ ಮೇಲೆ ಕಮಲಾ ನೆಹರೂ ರಿಡ್ಜ್. ಒಂದು ಕಡೆ ದಿಲ್ಲಿ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಸಿವಿಲ್ ಲೈನ್ಸ್. ರಸ್ತೆ, ಆಸ್ಪತ್ರೆ, ಕಾಲೇಜು, ಕಾಲನಿ ಎಲ್ಲಾ ಸೇರಿ ತಿಂದು ಉಳಿಸಿರುವುದು ಸುಮಾರು 87 ಹೆಕ್ಟೇರ್. ನಮ್ಮ ಕಡೆಯ ಒಂದು ದೊಡ್ಡ ಕೆರೆಯ ಅಂಗಳದಷ್ಟು, ಅಷ್ಟೆ.

ಇದನ್ನು ನಾನು ರಮ್ಯ ಉದ್ಯಾನ ಅನ್ನುವುದಕ್ಕೆ ಕಾರಣ ಇದೆ. ಆಗ ನನ್ನ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ನವೋದಯ ಅಂದ್ರೆ ರಮ್ಯ ಮಾರ್ಗ, ನವ್ಯ ಅಂದ್ರೆ ಅದರ ವಿರುದ್ಧ ದಂಗೆ ಅಂತ ಗಟ್ಟಿಮಾಡುತ್ತಿದ್ದ ದಿನಗಳು. 1920ರ ದಶಕದಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಬಂತು, ರಮ್ಯ ಕಾವ್ಯದ ಗಾಳಿ ಕನ್ನಡಕ್ಕೆ ಬೀಸಿತು ಅಂತ ನಾವೆಲ್ಲ ಬರೆದವರೇ. ಆದರೆ ಆ 'ರೊಮ್ಯಾಂಟಿಕ್' ಅನ್ನುವ ಇಂಗ್ಲಿಷ್ ಮಾತು ಕವಿತೆಗೆ ಅಂಟುವ ಮೊದಲೇ ಭೂದೃಶ್ಯಕ್ಕೆ ಅಂಟಿತ್ತು ಅನ್ನುವುದನ್ನು ನಮಗೆ ಯಾವ ಗೈಡೂ ಹೇಳಿರಲಿಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಮೀನ್ದಾರರು ನೇರ ಸಾಲಿನ ತೋಟಗಳನ್ನು ಕಿತ್ತುಹಾಕಿ, ಬೆಟ್ಟ ತಾನಾಗಿಯೇ ಹೀಗೆ ಬೆಳೆದಿದೆ ಅನ್ನುವ ಹಾಗೆ ಮರ ನೆಡಿಸಿದರು. ತಿರುವಿನಲ್ಲಿ ಒಂದು ಹಾಳುಗೋಡೆ ಕಾಣಬೇಕು, ನಿಟ್ಟುಸಿರು ಬರಬೇಕು, ಅದಕ್ಕಾಗಿ ಹೊಸದಾಗಿ ಹಾಳುಗೋಡೆ ಕಟ್ಟಿಸುತ್ತಿದ್ದರು! ದುಡ್ಡು ಕೊಟ್ಟು ಪಾಳು ಕಟ್ಟಿಸುವುದು. ನಮ್ಮಜ್ಜ ಕೇಳಿದ್ದರೆ ನಂಬುತ್ತಿರಲಿಲ್ಲ.

ಕನ್ನಡಕ್ಕೆ ರಮ್ಯತೆ ಪುಸ್ತಕವಾಗಿ ಬಂತು. ದಿಲ್ಲಿಗೆ ಗುಡ್ಡವಾಗಿ ಬಂತು. ಇಲ್ಲಿ ಅದು ಹೇಗೆ ಬಂತು ಅನ್ನುವುದೇ ಕತೆ.

1857ರ ಜೂನ್ 8ರಿಂದ ಸೆಪ್ಟೆಂಬರ್ 14ರವರೆಗೆ ಬ್ರಿಟಿಷ್ ಸೈನ್ಯ ಇದೇ ಗುಡ್ಡದ ಮೇಲೆ ಕೂತು ಕೆಳಗಿನ ಶಹರದ ಮೇಲೆ ಕಣ್ಣಿಟ್ಟಿತ್ತು. ಅದಕ್ಕೆ ಮೊದಲು, ಮೇ 11ರಂದು, ಇಂಗ್ಲಿಷ್ ಸಂಸಾರಗಳು ಮಕ್ಕಳುಮರಿ ಕಟ್ಟಿಕೊಂಡು ನೆರವಿಗಾಗಿ ಕಾದದ್ದು ಇಲ್ಲಿಯ ಫ್ಲ್ಯಾಗ್‌ಸ್ಟಾಫ್ ಗೋಪುರದಲ್ಲಿ. ಆ ಗುಂಡನೆಯ ಕಟ್ಟಡ ಈಗಲೂ ಇದೆ. ಫೆಲಿಚೆ ಬಿಯಾಟೊ ಅನ್ನುವ ಛಾಯಾಗ್ರಾಹಕ 1858ರಲ್ಲಿ ತೆಗೆದ ಫೋಟೋಗಳಲ್ಲಿ ಈ ಗುಡ್ಡವನ್ನು ನೋಡಿ: ಬೋಳು ಬಂಡೆ, ಅಲ್ಲೊಂದು ಇಲ್ಲೊಂದು ಪೊದೆ, ಗುಂಡೇಟು ತಿಂದ ಹಿಂದೂರಾವ್ ಮನೆ. ಕಾಡು ಇರಲಿಲ್ಲ. ಗೆದ್ದವರಿಗೆ ಮಾತ್ರ ಇದು ಪುಣ್ಯಕ್ಷೇತ್ರವಾಯಿತು. 1863ರಲ್ಲಿ ತುದಿಯಲ್ಲಿ ಒಂದು ಗೋಥಿಕ್ ಶೈಲಿಯ ಸ್ಮಾರಕ ಎದ್ದಿತು. ಇಂಗ್ಲೆಂಡಿನಿಂದ ಬಂದವರು ಗಾಡಿಯಲ್ಲಿ ಕೂತು ಇಲ್ಲಿ ತೋಪು ಇತ್ತು, ಇಲ್ಲಿ ಇಂಥವರು ಬಿದ್ದರು ಅಂತ ನೋಡಿಕೊಂಡು ಹೋಗತೊಡಗಿದರು. ಬೋಳುಗುಡ್ಡ ಅದಕ್ಕೆ ಚೆಂದ ಕಾಣಲಿಲ್ಲ. ಹಸಿರು ಬೇಕಾಯಿತು.

1883ರಿಂದ 1913ರವರೆಗೆ ಈ ಗುಡ್ಡಕ್ಕೆ ಕಾಡು ಹೊದಿಸಿದ ಕತೆಯನ್ನು ಮೈಕೆಲ್ ಮಾನ್ ಮತ್ತು ಸಮಿಕ್ಷಾ ಸೆಹ್ರಾವತ್ ಎಂಬ ಇಬ್ಬರು ಇತಿಹಾಸಕಾರರು 2009ರಲ್ಲಿ ಬರೆದಿದ್ದಾರೆ. ನಾನು ಓದಿ ಬೆಚ್ಚಿದ್ದು ಒಂದು ವಿಷಯಕ್ಕೆ. ಮರ ಬೆಳೆಯಬೇಕಾದರೆ ಮೊದಲು ದನ ಹೋಗಬೇಕು. ಸುತ್ತಲ ಹಳ್ಳಿಯವರು ತಲೆಮಾರುಗಳಿಂದ ದನ ಮೇಯಿಸುತ್ತಿದ್ದ ಗುಡ್ಡಕ್ಕೆ ತಡೆ ಬಿತ್ತು. ಗಾಡಿಯಲ್ಲಿ ಕೂತವರಿಗೆ ನೋಟ, ಕೋಲು ಹಿಡಿದವನಿಗೆ ಬೇಲಿ. ಇಂಗ್ಲೆಂಡಿನಲ್ಲಿ ಹಾಳುಗೋಡೆ ಕಟ್ಟಿಸಬೇಕಿತ್ತು. ಇಲ್ಲಿ ಆ ಖರ್ಚೂ ಇರಲಿಲ್ಲ, ತಾವೇ ಹಾಳು ಮಾಡಿದ ಕಟ್ಟಡಗಳು ತಯಾರಾಗಿದ್ದವು. ನೆಟ್ಟ ಮರಗಳ ನಡುವೆ ಅವು ಬಲು ರಮ್ಯವಾಗಿ ಕಂಡಿರಬೇಕು.

ಬಂಡೆಯ ಮೇಲೆ ಎಲ್ಲ ಗಿಡ ಬರುವುದಿಲ್ಲ. ಹೊಸ ದಿಲ್ಲಿ ಕಟ್ಟುವ ಕಾಲದಲ್ಲಿ ರಿಡ್ಜ್ ಉದ್ದಕ್ಕೂ ಹಸಿರು ಏಳಿಸಬೇಕು ಅಂತ ಹೊರಟವರಿಗೆ ಸಿಕ್ಕಿದ್ದು ನಮ್ಮ ಜಾಲಿ. ನಮ್ಮದು ಅನ್ನುವುದೂ ಸುಳ್ಳೇ. ಅದರ ಮೂಲ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಬೀಜವಾಗಿ ಹಡಗಿನಲ್ಲಿ ಬಂತು. ತಮಿಳರು ಅದಕ್ಕೆ ಸೀಮೈ ಕರುವೇಲಂ ಅಂದರು. ನಾವು ಸೀಮೆಎಣ್ಣೆ, ಸೀಮೆಬದನೆ ಅನ್ನುತ್ತೇವಲ್ಲ, ಅದೇ ಸೀಮೆ. ಹಿಂದಿಯವರು ವಿಲಾಯತಿ ಅಂದರು. ಕಚ್ಛದವರು ಗಾಂಡೋ ಬಾವಳ್, ಹುಚ್ಚು ಜಾಲಿ ಅಂತ ಬೈದರು. ಕನ್ನಡದಲ್ಲಿ ಮಾತ್ರ, ಅದಕ್ಕೆ ಸೀಮೆಜಾಲಿ ಅನ್ನುವ ಹೆಸರು ಇದ್ದರೂ, ಜನ ಬಾಯಲ್ಲಿ ಉಳಿಸಿಕೊಂಡದ್ದು ಬಳ್ಳಾರಿ ಜಾಲಿ. ಪರದೇಶದಿಂದ ಬಂದದ್ದಕ್ಕೆ ಒಂದು ಊರು ಕೊಟ್ಟುಬಿಟ್ಟೆವು. ಬಳ್ಳಾರಿಯವರಿಗೆ ಇದು ಹೆಮ್ಮೆಯೋ ಅವಮಾನವೋ, ಅವರೇ ಹೇಳಬೇಕು.

ಈ ರಮ್ಯ ಉದ್ಯಾನಕ್ಕೆ ಪ್ರೇಮದ ಅರ್ಥವೂ ಬೇಗ ಅಂಟಿಕೊಂಡಿತು. ಗುಡ್ಡದ ಬುಡದಲ್ಲಿ, ಈಗ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಇರುವ ಕಟ್ಟಡ, ಹೊಸ ದಿಲ್ಲಿ ಸಿದ್ಧವಾಗುವ ತನಕ ವೈಸ್‌ರಾಯ್ ಮನೆಯಾಗಿತ್ತು. 1922ರ ಫೆಬ್ರುವರಿಯಲ್ಲಿ ಲೂಯಿ ಮೌಂಟ್‌ಬ್ಯಾಟನ್ ಎಡ್ವಿನಾಗೆ ಮದುವೆಯಾಗುತ್ತೀಯಾ ಅಂತ ಕೇಳಿದ್ದು ಅಲ್ಲೇ. ಅವರು ಕೇಳಿದ್ದು ಛಾವಣಿಯ ಕೆಳಗೆ. ಆಮೇಲೆ ಬಂದ ಯೂನಿವರ್ಸಿಟಿಯ ಹುಡುಗ ಹುಡುಗಿಯರಿಗೆ ಛಾವಣಿ ಎಲ್ಲಿಂದ ಬರಬೇಕು? ಅವರಿಗೆ ಜಾಲಿಯ ನೆರಳೇ ಗತಿಯಾಯಿತು. ನಾವು ಹೋಗುತ್ತಿದ್ದ ದಿನಗಳಲ್ಲಿ ಪ್ರತಿ ಬಂಡೆಯ ಹಿಂದೆ ಒಂದು ಜೋಡಿ. ದಾವಣಗೆರೆಯವನು ಎಲ್ಲರಿಗೂ ಕೇಳುವ ಹಾಗೆ ಕೆಮ್ಮುತ್ತಾ ಹೋಗುತ್ತಿದ್ದ. ಅಸೂಯೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರಲ್ಲಿ ಅನೇಕರು ನಮ್ಮ ಹಾಗೇ ಬಾಡಿಗೆ ಕೋಣೆಯವರು, ಬಿಹಾರ, ಮಣಿಪುರ, ಹರಿಯಾಣದಿಂದ ಬಂದವರು, ಮನೆಮಾಲೀಕರ ಕಣ್ಣಿನ ಕೆಳಗೆ ಇರುವವರು. ಊರು ಬಿಟ್ಟು ಬಂದವರಿಗೆ ದುಡ್ಡು ಕೊಡದೆ ಕೂರುವ ಜಾಗ ಈ ಶಹರದಲ್ಲಿ ಎಷ್ಟಿವೆ ಅಂತ ಒಂದು ಸಲ ಎಣಿಸಿ ನೋಡಿ, ಗೊತ್ತಾಗುತ್ತೆ. ಲಾಠಿ ತಟ್ಟಿಕೊಂಡು ಎಬ್ಬಿಸುವವರು, ಮಂಗಳವಾರ ಶನಿವಾರ ಭಕ್ತರು ತಂದು ಸುರಿಯುವ ಬಾಳೆಹಣ್ಣಿಗೆ ಒಗ್ಗಿಹೋದ ಕೋತಿಗಳು, ಇವೆರಡರ ನಡುವೆ ಅವರ ಪ್ರೇಮ.

ಈಗ ಮೀಸಲಿನ ಮಾತು. 1994ರ ಮೇ ತಿಂಗಳಲ್ಲಿ ದಿಲ್ಲಿಯ ಇಡೀ ರಿಡ್ಜನ್ನು, ಸುಮಾರು 7,777 ಹೆಕ್ಟೇರನ್ನು, ಮೀಸಲು ಅರಣ್ಯ ಮಾಡುತ್ತೇವೆ ಅಂತ ಅರಣ್ಯ ಕಾಯ್ದೆಯ ನಾಲ್ಕನೇ ಸೆಕ್ಷನ್ನಿನಡಿ ಅಧಿಸೂಚನೆ ಬಂತು. ಇಪ್ಪತ್ತನೇ ಸೆಕ್ಷನ್ನಿನ ಅಂತಿಮ ಅಧಿಸೂಚನೆ ಹೆಚ್ಚಿನ ಭಾಗಕ್ಕೆ ದಶಕಗಟ್ಟಲೆ ಬಾಕಿ ಉಳಿಯಿತು. ಸರಕಾರಿ ಕಡತಗಳ ಅನುವಾದ ಮಾಡಿ ಬದುಕುವ ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಿಜವಾದ ಬದಲಾವಣೆ ಕಂಡದ್ದು 2010ರ ದಶಕದ ನಡುವಿನಿಂದ. ಯಮುನಾ ತೀರದಲ್ಲಿ, ವಸಂತ ಕುಂಜದ ಹಳೆಯ ಗಣಿಗುಂಡಿಗಳಲ್ಲಿ ಕಾಡು ಎಬ್ಬಿಸಿ ಹೆಸರಾಗಿದ್ದ ಪ್ರೊಫೆಸರ್ ಸಿ.ಆರ್. ಬಾಬು ಅವರ ದಿಲ್ಲಿ ವಿಶ್ವವಿದ್ಯಾಲಯದ ತಂಡ, ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಜೊತೆ ಸೇರಿ ಈ ಗುಡ್ಡವನ್ನೂ ಕೈಗೆತ್ತಿಕೊಂಡಿತು. ಜಾಲಿ ಹೋಗಬೇಕು, ಲಂಟಾನ ಹೋಗಬೇಕು, ಅರಾವಳಿಯ ಮೂಲ ಕಾಡು ಬರಬೇಕು ಅನ್ನುವುದು ಗುರಿ.

ಇಲ್ಲಿ ನಾನು ಮೊದಲು ಹೊಗಳಬೇಕು. ಈ ಕೆಲಸದ ಹಿಂದಿನ ವಿಧಾನದಲ್ಲಿ ಸಂಯಮವಿದೆ. ಬುಲ್ಡೋಜರ್ ತಂದು ಜಾಲಿಯನ್ನು ಒಂದೇ ಸಲ ನೆಲಸಮ ಮಾಡುವುದು ಬಾಬು ಅವರ ದಾರಿ ಅಲ್ಲ. ಕೆಳಗಿನ ಕೊಂಬೆ ಸವರಿ, ನೆತ್ತಿಯನ್ನು ಎತ್ತರಕ್ಕೆ ಬಿಟ್ಟು, ಬೆಳಕು ಬಿದ್ದ ಜಾಗದಲ್ಲಿ ಇಲ್ಲಿಯ ಸಸಿಗಳನ್ನು ನೆಡುವುದು. ಅವು ಎದ್ದು ನಿಂತು ನೆರಳು ಕೊಟ್ಟಾಗ, ನೆರಳು ತಡೆಯಲಾರದ ಜಾಲಿ ತಾನೇ ಸೊರಗುತ್ತದೆ. ನಿಧಾನದ ದಾರಿ. ಇಪ್ಪತ್ತು ವರ್ಷದ ಹಿಂದೆ ಜಾಲಿ, ಲಂಟಾನ ಬಿಟ್ಟರೆ ಬೇರೆ ಕಾಣದ ಕಡೆ ಈಗ ಮುತ್ತುಗ ಇದೆ. ಮಾರ್ಚಿನಲ್ಲಿ ಹೋದರೆ ಎಲೆಯಿಲ್ಲದ ಕೊಂಬೆಗೆ ಬೆಂಕಿ ಹತ್ತಿದ ಹಾಗೆ ಹೂ. ಕಕ್ಕೆ, ಬಿಳಿಜಾಲಿ, ಬಾರಿ ಗಿಡ ಇವೆ. ಧೌ ಅನ್ನುವ ಮರ ಇದೆ, ನಮ್ಮ ಕಾಡಿನ ದಿಂಡಿಗಕ್ಕೆ ದಾಯಾದಿ, ಚಳಿಗಾಲದಲ್ಲಿ ಅದರ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಚಿಟ್ಟೆ ಹೆಚ್ಚಿವೆ. ಸಂಜೆ ಬೂದು ಮಂಗಟ್ಟೆ ಹಕ್ಕಿಗಳು ಕಿರುಚುತ್ತಾ ಹಾರುತ್ತವೆ. ಬರೀ ಹಸಿರು ಬೇರೆ, ಕಾಡು ಬೇರೆ ಅನ್ನುವುದನ್ನು ಕಣ್ಣಾರೆ ತೋರಿಸಿಕೊಟ್ಟಿರುವ ಕೆಲಸ ಇದು.

ಜಾಲಿಯ ಪರ ವಕಾಲತ್ತು ವಹಿಸುವವನೂ ನಾನಲ್ಲ. ಅದರ ಮುಳ್ಳು ಕಾಲಿಗೆ ಹೊಕ್ಕು ಎರಡು ವಾರ ಕೀವಾಗಿ ಮಲಗಿದವನು ಅದರ ಮೇಲೆ ಕವಿತೆ ಬರೆಯಲಾರ. ಆಡು ಕುರಿ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟಿ, ನಮ್ಮ ಕೆರೆ ಅಂಗಳ, ಹಳ್ಳದ ದಂಡೆ, ಬಿತ್ತದೆ ಬಿಟ್ಟ ಹೊಲ, ಎಲ್ಲವನ್ನೂ ನುಂಗಿದ ಗಿಡ ಅದು. ಅಪ್ಪ ಎರಡೆಕರೆ ಹೊಲದಿಂದ ಅದನ್ನು ಕೀಳಿಸಲು ಜೆಸಿಬಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಹಂಗಾಮಿನ ಬೀಜ ಗೊಬ್ಬರ ಬರುತ್ತಿತ್ತು.

ಹಾಗಾದರೆ ನನ್ನ ತಕರಾರು ಏನು? ತಕರಾರು ಇರುವುದು ಆ 'ಮೂಲ' ಅನ್ನುವ ಪದದ ಜೊತೆ. ಯಾವ ಮೂಲ? 1858ರ ಫೋಟೋದಲ್ಲಿ ಇಲ್ಲಿ ಬಂಡೆ ಇದೆ. ಅದಕ್ಕೂ ಐನೂರು ವರ್ಷ ಹಿಂದೆ ಫಿರೋಜ್ ಶಾ ತುಘಲಕ್ ಇಲ್ಲಿ ಬೇಟೆಯ ಅರಮನೆ ಕಟ್ಟಿಸಿದ್ದ. ಅದರ ಒಂದು ತುಂಡು, ಪೀರ್ ಗೈಬ್ ಅನ್ನುವ ಎರಡಂತಸ್ತಿನ ಕಟ್ಟಡ, ಇವತ್ತಿಗೂ ಹಿಂದೂರಾವ್ ಆಸ್ಪತ್ರೆಯ ಆವರಣದಲ್ಲಿದೆ. ಬೇಟೆಗೆ ಕಾದಿಟ್ಟ ಕಾಡೂ ಒಂದು ಬಗೆಯ ತೋಟವೇ. ಈಗ ನೆಟ್ಟಿರುವುದು ಅರಾವಳಿಯ ಬೇರೆ ಕಡೆ ಉಳಿದ ಕಾಡನ್ನು ನೋಡಿ ಬರೆದ ಪ್ರತಿ. ಹರಿಯಾಣದ ಮಾಂಗರ್ ಬನಿಯಂಥ ದೇವರಕಾಡಿನಲ್ಲಿ ಧೌ ಮರಗಳು ಇನ್ನೂ ಇವೆ. ಅವು ಉಳಿದದ್ದು ಆ ಊರಿನವರು ಅದನ್ನು ದೇವರದು ಅಂತ ನಂಬಿ ಕಡಿಯದೆ ಬಿಟ್ಟದ್ದರಿಂದ. ಪ್ರತಿ ಮಾಡುವುದು ತಪ್ಪಲ್ಲ, ಒಳ್ಳೆಯ ಪ್ರತಿ ಮಾಡುವುದು ದೊಡ್ಡ ವಿದ್ಯೆ. ಆದರೆ ಇದು ನಾವು ಈಚೆಗೆ ಬರೆದದ್ದು ಅಂತ ಒಪ್ಪಿಕೊಂಡು ಬರೆಯಬೇಕು. ರಮ್ಯ ತೋಟದವನು ಮಾಡಿದ ಮೋಸ ಅದೇ ಅಲ್ಲವೇ, ತಾನು ನೆಟ್ಟದ್ದನ್ನು ನಿಸರ್ಗ ಅಂತ ತೋರಿಸಿದ್ದು? ನೂರು ವರ್ಷದ ಮೇಲೆ ಅದೇ ಗುಡ್ಡದಲ್ಲಿ ಅದೇ ತಂತ್ರ. ಮರಗಳ ಜಾತಿ ಬದಲಾಗಿದೆ, ವಿಜ್ಞಾನ ಬಂದಿದೆ, ಕರ್ತೃ ಮಾತ್ರ ಮತ್ತೆ ಪೊದೆಯ ಹಿಂದೆ ಅಡಗಿದ್ದಾನೆ.

ಇನ್ನೊಂದು ಮಾತು, ಇದು ಊರು ಬಿಟ್ಟವನ ಹುಣ್ಣು ಅಂತಲೇ ಇಟ್ಟುಕೊಳ್ಳಿ. ಸ್ಥಳೀಯ, ಪರಕೀಯ, ಅತಿಕ್ರಮಣಕಾರಿ ಪ್ರಭೇದ ಅನ್ನುವ ಶಬ್ದಗಳನ್ನು ನಾನು ಕೆಲಸದ ಮೇಲೆ ದಿನಾ ಅನುವಾದ ಮಾಡುತ್ತೇನೆ. ಅವೇ ಶಬ್ದಗಳು ಬೆಳಿಗ್ಗೆ ಸಸ್ಯಶಾಸ್ತ್ರದ ವರದಿಯಲ್ಲಿ, ಮಧ್ಯಾಹ್ನ ಯಾವುದೋ ಝೋಪಡಿ ತೆರವಿನ ನೋಟಿಸಿನಲ್ಲಿ ಬರುತ್ತವೆ. ಗಿಡಕ್ಕೂ ಮನುಷ್ಯನಿಗೂ ಹೋಲಿಕೆ ಮಾಡಬಾರದು, ಗೊತ್ತು. ಸಸ್ಯಶಾಸ್ತ್ರಜ್ಞರು ನಕ್ಕುಬಿಡುತ್ತಾರೆ, ನಗುವ ಹಕ್ಕೂ ಅವರಿಗಿದೆ. ಮುಂಬೈಯಲ್ಲಿ, ಬೆಂಗಳೂರಲ್ಲೂ ಕೂಡ, ಈ ಹೋಲಿಕೆಯನ್ನು ಮೊದಲು ಮಾಡಿದವರು ನಾವಲ್ಲ ಅಂತಷ್ಟೇ ಹೇಳುತ್ತೇನೆ.

2018ರಲ್ಲಿ ಅವ್ವ ಒಂದು ತಿಂಗಳು ಬಂದಿದ್ದಳು. ಕುತುಬ್ ಮಿನಾರ್, ಕೆಂಪುಕೋಟೆ ಎಲ್ಲಾ ತೋರಿಸಿದೆ. ಅವಳಿಗೆ ಯಾವುದೂ ಮನಸ್ಸಿಗೆ ಹತ್ತಲಿಲ್ಲ. ರಿಡ್ಜ್‌ಗೆ ಕರಕೊಂಡು ಹೋದೆ. ಒಳಗೆ ಹೋಗಿ ಹತ್ತು ಹೆಜ್ಜೆ ಇಟ್ಟಿಲ್ಲ, "ಅಯ್ಯ, ಇಷ್ಟ್ ಕಟ್ಟಿಗಿ ಬಿದ್ದಾವಲ್ಲಪಾ! ಇಲ್ಲಿ ಯಾರೂ ಆರಿಸ್ಕೊಳ್ಳಂಗಿಲ್ಲೇನು?" ಅಂದಳು. ಹೇಳುತ್ತಲೇ ಬಗ್ಗಿ ನಾಲ್ಕಾರು ಜಾಲಿ ಕೊಂಬೆ ಆರಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಅರವತ್ತು ವರ್ಷದ ಕೈರೂಢಿ. ಯಾವ ಕಾವಲುಗಾರನೂ ಬರಲಿಲ್ಲ. ತಡೆದವನು ನಾನೇ. ಬಿದ್ದ ಕಟ್ಟಿಗೆ ಇಲ್ಲೇ ಕೊಳೆತು ಮಣ್ಣಾಗಬೇಕು, ಅದರಲ್ಲಿ ಹುಳ ಹುಪ್ಪಟೆ ಬದುಕುತ್ತವೆ, ಅದನ್ನು ತಿನ್ನಲು ಹಕ್ಕಿ ಬರುತ್ತವೆ, ಮೇಲಾಗಿ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಒಂದು ಕಡ್ಡಿ ಎತ್ತಿದರೂ ಅಪರಾಧ ಅಂತೆಲ್ಲಾ ಹೇಳಿದೆ. ಅವಳು ಕೊಂಬೆಗಳನ್ನು ನಿಧಾನಕ್ಕೆ ಕೆಳಗಿಟ್ಟು, "ಹಂಗಾರ ಈ ಕಾಡು ಹುಳಕ್ಕ ಐತಿ, ಮನಷ್ಯಾಗಿಲ್ಲ," ಅಂದಳು. ಕೋಪದಿಂದ ಹೇಳಿದ್ದಲ್ಲ, ತಿಳಿದುಕೊಂಡೆ ಅನ್ನುವ ಹಾಗೆ.

ನಾನು ಹೇಳಿದ್ದು ತಪ್ಪಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ 1880ರ ದಶಕದಲ್ಲಿ ದನ ತಿರುಗಿಸಿ ಕಳಿಸಿದವನೂ ತಪ್ಪು ಹೇಳುತ್ತಿದ್ದೇನೆ ಅಂದುಕೊಂಡಿರಲಾರ. ಅವನಿಗೂ ಒಳ್ಳೆಯ ಕಾರಣವೇ ಇತ್ತು.

ಈ ಉದ್ಯಾನದ ದೊಡ್ಡ ಕೊರತೆ ಅಂತ ನಾನು ಹೇಳುವುದು ಇದನ್ನೇ: ಅದು ತನ್ನ ಕತೆಯನ್ನು ಹೇಳುವುದಿಲ್ಲ. ಒಳಗೆ ಒಂದು ಕೆರೆ ಇದೆ, ಖೂನಿ ಝೀಲ್. 1857ರಲ್ಲಿ ಹೆಣ ಎಸೆದ ನೀರು ಅದು, ಹಾಗಾಗಿ ನೆತ್ತರಿನ ಕೆರೆ ಅನ್ನುತ್ತಾರೆ. ಈಗ ಅದನ್ನು ಜಲಪಕ್ಷಿಗಳಿಗೆ, ಕಪ್ಪೆಗಳಿಗೆ ಹೊಂದುವ ಹಾಗೆ ಸರಿಪಡಿಸಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಕಪ್ಪೆ ಬರಲಿ. ನೆತ್ತರು ಯಾರದು ಅನ್ನುವುದನ್ನು ಕಪ್ಪೆಯ ಜೊತೆ ಹೇಳಿದರೆ ಕಪ್ಪೆಗೇನು ತೊಂದರೆ? ಮರದ ಹೆಸರು ಗೊತ್ತಾಗುತ್ತದೆ, ಮರ ಯಾಕೆ ಇಲ್ಲಿದೆ ಅನ್ನುವುದು ಗೊತ್ತಾಗುವುದಿಲ್ಲ. ಸ್ಮಾರಕಗಳ ಲೆಕ್ಕ ಒಂದು ಇಲಾಖೆಯದು, ಗಿಡಗಳ ಲೆಕ್ಕ ಇನ್ನೊಂದರದು. ನಡುವೆ ನಡೆದಾಡುವವನಿಗೆ ಎರಡನ್ನೂ ಹೊಲಿದು ಕೊಡುವವರು ಯಾರೂ ಇಲ್ಲ.

ಹೊಲಿಯುವುದು ಹೇಗೆ ಅನ್ನುವುದಕ್ಕೆ ಮಾದರಿ ಅದೇ ಗುಡ್ಡದ ಮೇಲೆ, ನಡೆದು ಹೋಗುವಷ್ಟು ದೂರದಲ್ಲಿದೆ. ಮೊದಲು ಹೇಳಿದ ಆ 1863ರ ಸ್ಮಾರಕ. ಅದರ ಮೇಲೆ ಬ್ರಿಟಿಷರು ತಮ್ಮ ಸೈನಿಕರ ಹೆಸರು ಕೆತ್ತಿಸಿ, ಎದುರಾಳಿಗಳನ್ನು ಶತ್ರು ಅಂತ ಬರೆಸಿದ್ದರು. ಸ್ವತಂತ್ರ ಭಾರತ ಅದನ್ನು ಒಡೆಯಬಹುದಿತ್ತು. ಒಡೆಯಲಿಲ್ಲ. 1972ರಲ್ಲಿ ಅದಕ್ಕೆ ಅಜಿತ್‌ಗಢ ಅಂತ ಹೆಸರಿಟ್ಟು, ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿದರು: ಇಲ್ಲಿ ಶತ್ರು ಅಂತ ಬರೆದಿರುವುದು ಪರಾಧೀನತೆಯ ವಿರುದ್ಧ ಎದ್ದು ಕೆಚ್ಚಿನಿಂದ ಹೋರಾಡಿದವರ ಬಗ್ಗೆ ಅನ್ನುವ ಅರ್ಥದಲ್ಲಿ. ಹಳೆಯ ಸುಳ್ಳು ಅಲ್ಲೇ ಇದೆ, ಅದರ ಪಕ್ಕದಲ್ಲಿ ತಿದ್ದುಪಡಿಯೂ ಇದೆ. ನೋಡಿದವನಿಗೆ ಎರಡೂ ಕಾಲ ಒಟ್ಟಿಗೆ ತಿಳಿಯುತ್ತವೆ. ದಿಲ್ಲಿಯಲ್ಲಿ ನಾನು ಓದಿದ ಅತ್ಯುತ್ತಮ ವಿಮರ್ಶಾ ಬರಹ ಅದೇ ಅನಿಸುತ್ತದೆ. ಈ ಕಾಡಿಗೂ ಹಾಗೆ ಮಾಡಬಹುದಲ್ಲ? ಒಂದು ಮೂಲೆಯಲ್ಲಿ ಒಂದೆಕರೆ ಜಾಲಿಯನ್ನು ಹಾಗೇ ಉಳಿಸಿ, ಬೇಲಿ ಹಾಕಿ ಬೇಕಿದ್ದರೆ ಕಾಯಿ ಹೊರಗೆ ಬೀಳದ ಹಾಗೆ ನೋಡಿಕೊಂಡು, ಇದು ಎಲ್ಲಿಂದ ಬಂತು, ಯಾರು ತಂದರು, ಯಾವ ಯಾವ ಭಾಷೆಯವರು ಇದನ್ನು ಏನೇನು ಕರೆದರು, ಇದರಿಂದ ಏನು ಹಾಳಾಯಿತು, ಇದರಿಂದ ಯಾರ ಒಲೆ ಉರಿಯಿತು ಅಂತ ಬರೆದಿಡಬಹುದು.

ಅಜಿತ್‌ಗಢದ ಹತ್ತಿರವೇ ಅಶೋಕನ ಕಂಬ ಇದೆ. ಅದೂ ಇಲ್ಲಿಯದಲ್ಲ. ಫಿರೋಜ್ ಶಾ ಅದನ್ನು ಮೀರತ್‌ನಿಂದ ಹೊರಿಸಿ ತಂದು ತನ್ನ ಬೇಟೆಯ ಅರಮನೆಯ ಬಳಿ ನಿಲ್ಲಿಸಿದ. ಹದಿನೆಂಟನೇ ಶತಮಾನದಲ್ಲಿ ಮದ್ದು ಸಿಡಿದು ಐದು ತುಂಡಾಯಿತು. ಕೆತ್ತನೆ ಇದ್ದ ಭಾಗ ಕಲ್ಕತ್ತೆಗೆ ಹೋಗಿ ವಾಪಸ್ ಬಂತು. 1867ರಲ್ಲಿ ಜೋಡಿಸಿ ಮತ್ತೆ ನಿಲ್ಲಿಸಿದರು. ಜೋಡಿಸಿದ ಗುರುತು ಕಾಣುತ್ತದೆ. ನಮ್ಮ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಾಗ ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು, ದೇವಾನಾಂಪ್ರಿಯ ಅಂದರೆ ಇವನೇ ಅಂತ ಅದರಿಂದ ಗಟ್ಟಿಯಾಯಿತು ಅಂತ ಶಾಲೆಯಲ್ಲಿ ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಬಂಡೆ ಹತ್ತುವ ದಾರಿಯಲ್ಲೂ ಬಳ್ಳಾರಿ ಜಾಲಿ ಇತ್ತು. ಎರಡು ಸಾವಿರ ವರ್ಷಕ್ಕೂ ಹಿಂದಿನ ರಾಜ, ನೂರೈವತ್ತು ವರ್ಷದ ಗಿಡ, ಎರಡೂ ನನಗೆ ಒಟ್ಟಿಗೇ ಪರಿಚಯವಾದವು. ದಿಲ್ಲಿಯಲ್ಲೂ ಒಟ್ಟಿಗೇ ಸಿಕ್ಕವು. ಮೀರತ್ತಿನ ಕಂಬವನ್ನು ವಾಪಸ್ ಮೀರತ್ತಿಗೆ ಕಳಿಸಿ ಅಂತ ಯಾರೂ ಹೇಳುವುದ ನಾನು ಕೇಳಿಲ್ಲ. ಕಂಬ ಹಿಕ್ಕೆಯಿಂದ ಹುಟ್ಟಿ ಹಬ್ಬುವುದಿಲ್ಲ ಅನ್ನುವುದೂ ನಿಜ.

ಪ್ರೇಮಿಗಳು ಈಗ ಕಡಿಮೆ. ಕಾಡಿನ ಕಾರಣಕ್ಕೋ, ಮೆಟ್ರೋ ಬಂದು ಹುಡುಗರು ದೂರದ ಮಾಲ್‌ಗಳಿಗೆ ಹೋಗುವುದಕ್ಕೋ, ಕೋತಿಗೋ. ಕೋತಿಗಳು ಮಾತ್ರ ಹಾಗೇ ಇವೆ. ಬಾಳೆಹಣ್ಣೂ ಬರುತ್ತಲೇ ಇದೆ.

ಹೋದ ವರ್ಷ ಫಾಲ್ಗುಣದ ಹೊತ್ತಿಗೆ, ಮುತ್ತುಗ ಹೂ ಬಿಟ್ಟಿರುವಾಗ ಹೋಗಿದ್ದೆ. ಕೆರೆಯ ಹತ್ತಿರ ಇಬ್ಬರು ಹುಡುಗರು ಕಲ್ಲಿನ ಮೇಲೆ ಕೂತು ಕನ್ನಡದಲ್ಲಿ ಜಗಳ ಮಾಡುತ್ತಿದ್ದರು. ಒಬ್ಬ ಹೂವಿನ ಮರ ತೋರಿಸಿ ಇದು ಮುತ್ತುಗ, ನಮ್ಮಲ್ಲಿ ಇದರ ಎಲೆಯಲ್ಲಿ ಊಟ ಹಾಕ್ತಾರೆ ಅನ್ನುತ್ತಿದ್ದ. ಇನ್ನೊಬ್ಬ ಇಲ್ಲಿ ಎಲ್ಲಿಂದ ಬರ್ತೈತಲೇ ಮುತ್ತುಗ, ಇದು ಬೇರೆ ಏನೋ ಅನ್ನುತ್ತಿದ್ದ. ಮುತ್ತುಗವೇ ಅಂದೆ. ಇಬ್ಬರೂ ಬೆಚ್ಚಿ ಎದ್ದು ನಿಂತು, "ಸರ್, ನೀವು ಕನ್ನಡದವರಾ?" ಅಂದರು. ಒಬ್ಬ ಸಿಂಧನೂರಿನವನು, ಇನ್ನೊಬ್ಬ ಗದಗಿನವನು. ಸಿಂಧನೂರಿನವನು ಹಿಂದೆ ಉಳಿದಿದ್ದ ಒಂದು ಹಳೆಯ ಜಾಲಿಯ ಕಡೆ ಕೈ ತೋರಿಸಿ, "ಸರ್, ಇದು ಮಾತ್ರ ನಂಗೆ ಗೊತ್ತು," ಅಂತ ನಕ್ಕ. ಕೋಣೆ ಬಾಡಿಗೆ ಈಗ ಎಷ್ಟು, ಊಟಕ್ಕೆ ಏನು ಮಾಡುತ್ತೀರಿ ಅಂತ ಕೇಳುತ್ತಾ ಗೇಟಿನವರೆಗೂ ಮೂವರೂ ನಡೆದು ಬಂದೆವು.